1848ರಲ್ಲಿ ಜರ್ಮನರೆಲ್ಲರೂ ಮತ ಹಾಕಿದ್ದರಾ?

"1848ರಲ್ಲೇ ಜರ್ಮನಿಯ ಪ್ರತಿಯೊಬ್ಬರೂ ಮತ ಹಾಕಿ ಸಂವಿಧಾನ ಸಭೆ ಆರಿಸಿದ್ದರು" ಅನ್ನುವ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ನಿಜ, ಅಷ್ಟೇ.

ಆ ವರ್ಷದ ಮೇ 18ರಂದು ಫ್ರಾಂಕ್‌ಫರ್ಟ್‌ನ ಪೌಲ್ಸ್‌ಕಿರ್ಖೆ ಚರ್ಚಿನಲ್ಲಿ ಸಭೆ ಸೇರಿದ್ದು ನಿಜ. ಆದರೆ ಹೆಂಗಸರಿಗೆ ಮತವೇ ಇರಲಿಲ್ಲ. ಗ್ಯಾಲರಿಯಲ್ಲಿ ಕೂತು ಕಲಾಪ ನೋಡಬಹುದಿತ್ತು, ಅಷ್ಟೇ.

ಗಂಡಸರ ವಿಷಯದಲ್ಲೂ ಒಂದು ಕೊಕ್ಕೆ ಇತ್ತು. ವಯಸ್ಕ, "ಸ್ವಾವಲಂಬಿ" ಗಂಡಸರಿಗೆ ಮತ ಎಂದು ನಿಯಮ ಹೇಳಿತು. ಸ್ವಾವಲಂಬಿ ಅಂದರೆ ಯಾರು? ಅದನ್ನು ಒಂದೊಂದು ರಾಜ್ಯ ಒಂದೊಂದು ಥರ ಅರ್ಥ ಮಾಡಿಕೊಂಡಿತು. ಪ್ರಷ್ಯಾದಲ್ಲಿ ಬಡವರ ನೆರವು ಪಡೆಯುವವರು ಹೊರಗೆ. ಬೇರೆ ಕೆಲವೆಡೆ ಮನೆಯಾಳುಗಳು, ಕೂಲಿಯವರೂ ಹೊರಗೆ. ಯಜಮಾನ ಹೇಳಿದಂತೆ ಆಳು ಮತ ಹಾಕುತ್ತಾನೆ ಅನ್ನುವುದು ಉಳ್ಳವರ ವಾದ. ಬಡವರ ಭಯವೂ ಅದರೊಳಗಿತ್ತು ಅಂತ ನನಗನ್ನಿಸುತ್ತದೆ. ಹೋಗಲಿ ಅಂದರೆ, ಬಹಳಷ್ಟು ಕಡೆ ಚುನಾವಣೆಯೂ ನೇರವಲ್ಲ. ಜನ ಮೊದಲು ಆಯ್ಕೆದಾರರನ್ನು ಆರಿಸಬೇಕು, ಅವರು ಪ್ರತಿನಿಧಿಯನ್ನು ಆರಿಸಬೇಕು.

ಹಾಗಂತ ಅದನ್ನು ಸುಮ್ನೆ ನಾಟಕ ಅನ್ನುವುದೂ ತಪ್ಪು. ಆ ಕಾಲಕ್ಕೆ ಅಷ್ಟು ಗಂಡಸರಿಗೆ ಮತ ಸಿಕ್ಕಿದ್ದೇ ಜಾಸ್ತಿ. ಅದೇ ಸಭೆ 1849ರಲ್ಲಿ 25 ವರ್ಷ ದಾಟಿದ ಗಂಡಸರಿಗೆ ನೇರ, ಗುಪ್ತ ಮತದಾನದ ಕಾನೂನು ಮಾಡಿತು. ಆ ಕಾನೂನಿನಡಿ ಆಗ ಚುನಾವಣೆಯೇ ನಡೆಯಲಿಲ್ಲ. ಜರ್ಮನಿಯ ಹೆಂಗಸರು ದೇಶದ ಚುನಾವಣೆಯಲ್ಲಿ ಮೊದಲು ಮತ ಹಾಕಿದ್ದು 1919ರ ಜನವರಿಯಲ್ಲಿ.