ಹಿತ್ತಾಳೆ ಬ್ರಿಜ್ ಹಾಕಿದರೆ ಬೇಸ್ ಗಿಟಾರ್ ದನಿ ಸುಧಾರಿಸುತ್ತದಾ?

ಪರ: ಬೇಸ್ ನುಡಿಸುವವನ ಮಾತು

ನಮ್ಮ ಆರ್ಕೆಸ್ಟ್ರಾ ಡೊಂಬಿವಲಿಯದು. ಗಣಪತಿ, ನವರಾತ್ರಿ, ನವೆಂಬರ್‌ನಲ್ಲಿ ರಾಜ್ಯೋತ್ಸವ, ಹೀಗೆ ಕಾರ್ಯಕ್ರಮ. ನಾಲ್ಕು ಮಳೆಗಾಲ ಕಂಡ ಮೇಲೆ ನನ್ನ ಬೇಸ್‌ನ ಬ್ರಿಜ್, ಅಂದರೆ ತಂತಿಗಳ ಕೆಳತುದಿ ಕೂರುವ ಲೋಹದ ತುಂಡು, ನೋಡುವ ಹಾಗಿರಲಿಲ್ಲ. ಅದರ ಮೇಲೆ ತಂತಿಗೆ ಆಸರೆಯಾಗುವ ಸ್ಯಾಡಲ್ ಎತ್ತರಿಸುವ ಪುಟ್ಟ ಸ್ಕ್ರೂಗಳಿಂದ ಕಂದು ಪುಡಿ ಉದುರುತ್ತಿತ್ತು. ಅಲೆನ್ ಕೀ ಹಾಕಿದರೆ ಕೀ ತಿರುಗುತ್ತಿತ್ತು, ಸ್ಕ್ರೂ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ಕಿತ್ತು ಹಾಕಿ, ಹಿತ್ತಾಳೆಯ ದಪ್ಪ ಬ್ರಿಜ್ ಕೂರಿಸಿದೆ. ಅದೇ ಸಂಜೆ ಪ್ರಾಕ್ಟೀಸ್‌ನಲ್ಲಿ ಕೀಬೋರ್ಡ್‌ನವನು ನುಡಿಸುವುದು ನಿಲ್ಲಿಸಿ ನನ್ನ ಕಡೆ ತಿರುಗಿದ.

ವೀಣೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಜ್ ಅಂದರೆ ಕುದುರೆ. ಅದು ಗಟ್ಟಿಯಿಲ್ಲದಿದ್ದರೆ ಮೀಟಿದ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ತೂಕದ ಬ್ರಿಜ್ ಸುಲಭಕ್ಕೆ ಅಲುಗುವುದಿಲ್ಲ. ಕಂಪನ ತಂತಿಯಲ್ಲೇ ಉಳಿಯುತ್ತದೆ, ಸ್ವರ ಜಾಸ್ತಿ ಹೊತ್ತು ನಿಲ್ಲುತ್ತದೆ. ಅಗ್ಗದ ಬೇಸ್‌ಗಳಲ್ಲಿ ಸಿಗುವುದು ಬಗ್ಗಿಸಿದ ಉಕ್ಕಿನ ತಗಡು, ಇಲ್ಲವೇ ಸತುವಿನ ಎರಕ. ಒಂದು ಘನ ಸೆಂಟಿಮೀಟರ್ ಸತುವಿನ ಎರಕ 7 ಗ್ರಾಂ ಕೂಡ ತೂಗುವುದಿಲ್ಲ. ಹಿತ್ತಾಳೆ ಸುಮಾರು 8.5 ತೂಗುತ್ತದೆ.

ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ನಾಲ್ಕು ತಂತಿಗೆ ಎರಡೇ ಸ್ಯಾಡಲ್. ಒಂದು ತಂತಿಯ ಶ್ರುತಿ ಸರಿಮಾಡಿದರೆ ಪಕ್ಕದ್ದು ತಪ್ಪುತ್ತಿತ್ತು. 1957ರಲ್ಲಿ ತಂತಿಗೊಂದರಂತೆ ನಾಲ್ಕು ಸ್ಯಾಡಲ್ ಬಂದವು. ಕಂಪನಿಯೇ ತನ್ನ ಬ್ರಿಜ್ ತಿದ್ದಿತು ಅಂದಮೇಲೆ ನಾವು ತಿದ್ದಿದರೆ ಏನು ತಪ್ಪು?

ಬೇಸ್‌ನ ತಲೆಯಲ್ಲಿ ತಂತಿ ಬಿಗಿಸುವ ಟ್ಯೂನರ್‌ಗಳನ್ನೂ ಬದಲಾಯಿಸಿದೆ, ಹಗುರದ್ದಕ್ಕೆ. ಮೊದಲು ಬೆಲ್ಟ್ ಹಾಕಿ ನಿಂತರೆ ಬೇಸ್‌ನ ತಲೆ ನೆಲದ ಕಡೆ ವಾಲುತ್ತಿತ್ತು. ಮೂರು ಗಂಟೆ ಕಾರ್ಯಕ್ರಮದಲ್ಲಿ ಎಡಗೈಗೆ ಅದನ್ನು ಎತ್ತಿ ಹಿಡಿಯುವುದೇ ಕೂಲಿ ಕೆಲಸ. ಈಗ ಆ ಕೈ ನುಡಿಸುತ್ತದೆ. ಇದು ದನಿಗೆ ಸಂಬಂಧಿಸಿದ್ದಲ್ಲ ಅಂತ ಮಿಕ್ಸರ್ ಮುಂದೆ ಕೂರುವ ಅಣ್ಣ ಹೇಳಬಹುದು. ಕೈ ಸೋತರೆ ದನಿ ಎಲ್ಲಿಂದ ಬರುತ್ತದೆ, ಅಣ್ಣಾ?

ವಿರೋಧ: ಮಿಕ್ಸರ್ ಮುಂದೆ ಕೂರುವವನ ಮಾತು

ಆ ದಿನ ನಾನೂ ಅಲ್ಲಿದ್ದೆ. ಹುಡುಗ ಒಂದು ವಿಷಯ ಬಿಟ್ಟು ಬರೆದಿದ್ದಾನೆ. ಬ್ರಿಜ್ ಬಿಚ್ಚಬೇಕಾದರೆ ತಂತಿ ಬಿಚ್ಚಬೇಕಲ್ವಾ? ಎರಡು ವರ್ಷದ ಬೆವರು ಕುಡಿದ ತಂತಿ ಹೋಗಿ ಹೊಸದು ಬಂತು. ಸ್ಯಾಡಲ್ ಎತ್ತರ ಬದಲಾಯಿತು, ಶ್ರುತಿ ಸರಿಯಾಯಿತು, ತಂತಿಯ ಕಂಪನ ಹಿಡಿಯುವ ಪಿಕಪ್ಪನ್ನೂ ಸ್ವಲ್ಪ ಮೇಲೆತ್ತಿದ. ಕೊನೆಗೆ ಕೀರ್ತಿ ಎಲ್ಲ ಹಿತ್ತಾಳೆಗೆ! ಸೊಸೆ ಬರುವ ಮುಂಚೆ ಮನೆಗೆಲ್ಲ ಸುಣ್ಣ ಬಳಿಸಿ, ಬೆಳಕು ಬಂದಿದ್ದು ಸೊಸೆಯಿಂದ ಅಂದ ಹಾಗಾಯಿತು.

ಸುಮ್ನೆ ವಾದ ಬೇಡ ಅಂತ ಒಂದು ಭಾನುವಾರ ಹಳೇ ಬ್ರಿಜ್‌ಗೆ ಮರುಜೀವ ಕೊಟ್ಟೆವು. ಮುಂಬೈಯ ನಾಗದೇವಿ ಸ್ಟ್ರೀಟ್‌ನಿಂದ ಸ್ಟೇನ್‌ಲೆಸ್ ಗ್ರಬ್ ಸ್ಕ್ರೂ ತಂದೆ. ತುಕ್ಕು ಹಿಡಿದವನ್ನು ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಸಿ ತೆಗೆದೆವು. ಎರಡೂ ಬ್ರಿಜ್‌ಗೆ ಹೊಸ ತಂತಿ, ಒಂದೇ ಎತ್ತರ, ಒಂದೇ ಸಾಲು. ರೆಕಾರ್ಡ್ ಮಾಡಿ, ಅವನಿಗೆ ಬೆನ್ನು ತಿರುಗಿಸಿ ಕೂರಲು ಹೇಳಿ ಹತ್ತು ತುಣುಕು ಕೇಳಿಸಿದೆ. ಐದು ಸರಿ ಹೇಳಿದ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಒಂದೇ ಸ್ವರ ಮೀಟಿ ಬಿಟ್ಟಾಗ ಹಿತ್ತಾಳೆಯದರ ಬಾಲ ಒಂಚೂರು ಉದ್ದ ಅನ್ನಿಸಿದ್ದು ನಿಜ. ಆದರೆ ಯಾವ ಹಾಡಿನಲ್ಲಿ ಬೇಸ್‌ನವನಿಗೆ ಹತ್ತು ಸೆಕೆಂಡ್ ಬಿಟ್ಟುಕೊಡುತ್ತಾರೆ?

ವೀಣೆಯ ಹೋಲಿಕೆ ಕೇಳಲು ಚೆಂದ, ಇಲ್ಲಿ ಹೊಂದುವುದಿಲ್ಲ. ವೀಣೆಯಲ್ಲಿ ಕುದುರೆ ತಂತಿಯ ಕಂಪನವನ್ನು ಮರಕ್ಕೆ ದಾಟಿಸುತ್ತದೆ, ಮರ ಗಾಳಿಗೆ ದಾಟಿಸುತ್ತದೆ. ಅಲ್ಲಿ ಕುದುರೆಯೇ ಬಾಗಿಲು. ಬೇಸ್‌ನಲ್ಲಿ ಪಿಕಪ್‌ನ ಅಯಸ್ಕಾಂತದ ಮೇಲೆ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನನ್ನ ಮಿಕ್ಸರ್‌ಗೆ ಬರುವುದು ಅಷ್ಟೇ. ಬ್ರಿಜ್‌ನ ಲೋಹ ತಂತಿಯ ಮೂಲಕ ಪರೋಕ್ಷವಾಗಿ ಮಾತ್ರ ಕೇಳಿಸುತ್ತದೆ. ತಂತಿಯ ವಯಸ್ಸು, ಬೆರಳು ಎಲ್ಲಿ ಮೀಟುತ್ತದೆ, ಪಿಕಪ್ ಎಷ್ಟು ಹತ್ತಿರ, ಟೋನ್ ಗುಬುಟು ಎಲ್ಲಿದೆ, ಇವು ಅದಕ್ಕಿಂತ ಎಷ್ಟೋ ಜೋರಾಗಿ ಕೇಳಿಸುತ್ತವೆ. ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಗೆ ನಟ್ ಅಂತಾರೆ, ಹಿತ್ತಾಳೆ ನಟ್ ಹಾಕಿಸುವವರೂ ಇದ್ದಾರೆ. ಫ್ರೆಟ್ (ಕತ್ತಿನ ಮೇಲಿನ ಮೆಟ್ಟು) ಒತ್ತಿದ ಕೂಡಲೇ ತಂತಿಯ ಆ ತುದಿ ಫ್ರೆಟ್ಟೇ ಆಗುತ್ತದೆ, ನಟ್‌ಗೆ ಕೆಲಸ ಇಲ್ಲ.

ಇನ್ನು ಸ್ವರ ಜಾಸ್ತಿ ಹೊತ್ತು ನಿಂತರೆ ಒಳ್ಳೆಯದು ಅಂತ ಯಾರು ಹೇಳಿದ್ದು? ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಬಲಗೈಯ ತೋರುಬೆರಳೊಂದರಲ್ಲೇ ನುಡಿಸುತ್ತಿದ್ದ. ತಂತಿ ಬದಲಾಯಿಸುವ ಗೋಜಿಗೆ ಹೆಚ್ಚು ಹೋಗುತ್ತಿರಲಿಲ್ಲ. ಬ್ರಿಜ್ ಮುಚ್ಚಳದ ಕೆಳಗೆ ಸ್ಪಂಜಿನ ತುಂಡು ತಂತಿಗೆ ಒತ್ತಿಕೊಂಡಿರುತ್ತಿತ್ತು, ಸ್ವರ ಬೇಗ ಸಾಯಲಿ ಅಂತ. ನಮ್ಮ ಮಂಡಪದ ಸ್ಪೀಕರ್‌ಗಳಿಗಂತೂ ಇ ತಂತಿಯ 41 ಹರ್ಟ್ಸ್ ಸರಿಯಾಗಿ ನುಡಿಯಲೂ ಬರುವುದಿಲ್ಲ. ಪೆಂಡಾಲ್‌ನಲ್ಲಿ ಕೂತವರಿಗೆ ಕೇಳುವುದು ಅದರ ದುಪ್ಪಟ್ಟು, 82 ಹರ್ಟ್ಸ್. ಅಲ್ಲಿ ಹಿತ್ತಾಳೆ, ಸತು ಅಂತ ಬೇರೆ ಮಾಡಿ ಕೇಳುವ ಕಿವಿ ಯಾರಿಗಿದೆ?

ಟ್ಯೂನರ್ ವಿಷಯದಲ್ಲಿ ಮಾತ್ರ ಸೋತೆ, ಅದೂ ಹುಡುಗ ಹೇಳಿದ ಕಾರಣಕ್ಕಲ್ಲ. ಅವನ ಬೇಸ್‌ನಲ್ಲಿ ಜಿ ತಂತಿಯ 5ನೇ ಫ್ರೆಟ್ ಒತ್ತಿದರೆ ಸ್ವರ ಧಪ್ಪೆಂದು ಬೀಳುತ್ತಿತ್ತು. ಇಂಥ ಸತ್ತ ಜಾಗ ತುಂಬ ಬೇಸ್‌ಗಳಲ್ಲಿ ಆಸುಪಾಸು ಅಲ್ಲೇ ಇರುತ್ತದೆ. ಕತ್ತಿನ ಮರವೇ ಆ ಸ್ವರಕ್ಕೆ ಅದುರಿ ಶಕ್ತಿ ನುಂಗಿಬಿಡುತ್ತದೆ. ತಲೆಯ ತೂಕ ಇಳಿದ ಮೇಲೆ ಅದು 6ನೇ ಫ್ರೆಟ್‌ಗೆ ಹೋಯಿತು. ವಾಸಿಯಾಗಲಿಲ್ಲ, ಬಾಡಿಗೆ ಮನೆ ಬದಲಾಯಿಸಿತು. ಆದರೂ ಲೋಹದ ತೂಕದಿಂದ ನನ್ನ ಕಿವಿಗೇ ಗೊತ್ತಾದ ಬದಲಾವಣೆ ಅದೊಂದೇ.

ಪರೀಕ್ಷೆ ಮುಗಿದ ಮೇಲೆ ಅವನು ಹಿತ್ತಾಳೆಯದನ್ನೇ ಮತ್ತೆ ಹಾಕಿಕೊಂಡ. ಹಳೆಯದು ನನ್ನ ಮಿಕ್ಸರ್ ಪಕ್ಕ ಹಾಡಿನ ಪಟ್ಟಿ ಹಾರದ ಹಾಗೆ ಕೂತಿದೆ. ಫ್ಯಾನ್ ಜೋರು ಮಾಡಿದರೆ ಹಾಳೆಯ ಜೊತೆ ಸ್ವಲ್ಪ ಜಾರುತ್ತದೆ. ಈ ಕೆಲಸಕ್ಕೆ ಹಿತ್ತಾಳೆಯದೇ ವಾಸಿ ಅಂದೆ, ಅವನು ಕೊಡುತ್ತಿಲ್ಲ.