ಡೈರೆಕ್ಟರ್ ಮೂರು ವಿಭಾಗಗಳಿಗೆ ಟೋಪಿ ಹಾಕುತ್ತಾರೆ

ಕಂಪನಿಯ ನಿಯಮಗಳ ಕೈಪಿಡಿಯನ್ನು ಕೆಲಸಕ್ಕೆ ಸೇರಿದವರು ಯಾರೂ ಓದುವುದಿಲ್ಲ. ನೇರವಾಗಿ ಕೊನೆಯ ಪುಟಕ್ಕೆ ಹೋಗಿ ಸಹಿ ಹಾಕಿ ಕೊಡುತ್ತಾರೆ. ಅದನ್ನು ಮೊದಲ ಅಕ್ಷರದಿಂದ ಕೊನೆಯ ಫುಲ್‌ಸ್ಟಾಪಿನವರೆಗೆ ಓದುವ ಹಣೆಬರಹ ಇರುವುದು ಇಬ್ಬರಿಗೆ ಮಾತ್ರ. ಒಬ್ಬರು, ಕೇಸು ಬಿದ್ದ ಮೇಲೆ ಓದುವ ವಕೀಲರು. ಇನ್ನೊಬ್ಬರು ಅನುವಾದಕರು. ನಾನು ಎರಡನೇ ಪಂಗಡ. ಬೆಂಗಳೂರಿನಲ್ಲಿ ಕೂತು ಇಂಗ್ಲಿಷ್‌ನಿಂದ ಫ್ರೆಂಚ್‌ಗೆ ಅನುವಾದ ಮಾಡುತ್ತೇನೆ. ಮದುವೆ ಮನೆಗಳಲ್ಲಿ ಸಿಕ್ಕವರು "ಹಾಗಾದ್ರೆ ಆಗಾಗ ಫ್ರಾನ್ಸ್‌ಗೆ ಹೋಗ್ತಿರಬೇಕು ಅಲ್ವಾ?" ಅಂತ ಕೇಳುತ್ತಾರೆ. ಹೋಗುವುದು ಫೈಲು, ನಾನಲ್ಲ.

ಈ ಕೆಲಸ ಹುಟ್ಟುವುದಕ್ಕೆ ಒಂದು ಕಾನೂನು ಕಾರಣ. ಫ್ರಾನ್ಸಿನಲ್ಲಿ ನೌಕರರು ಪಾಲಿಸಬೇಕಾದ ನಿಯಮಗಳ ಕಾಗದ ಫ್ರೆಂಚ್‌ನಲ್ಲೇ ಇರಬೇಕು ಅಂತ 1994ರಲ್ಲಿ ಅಲ್ಲಿ ಕಾಯಿದೆಯಾಯಿತು. ತಂದವರು ಸಂಸ್ಕೃತಿ ಸಚಿವರಾಗಿದ್ದ ಜಾಕ್ ತೂಬೋಂ. ಅವರ ಹೆಸರನ್ನು ಒಡೆದು ಓದಿದರೆ 'ಎಲ್ಲಾ ಒಳ್ಳೇದು' ಅನ್ನುವ ಅರ್ಥ ಬರುತ್ತದೆ. ತಮಾಷೆಗಾರರು ಸುಮ್ಮನಿರುತ್ತಾರಾ? ಇಂಗ್ಲಿಷ್ ಪದಗಳನ್ನು ಓಡಿಸಲು ಹೊರಟವರ ಹೆಸರನ್ನೇ ಇಂಗ್ಲಿಷ್ ಮಾಡಿ 'ಮಿಸ್ಟರ್ ಆಲ್‌ಗುಡ್' ಅಂತ ಕರೆದರು. ಆಲ್‌ಗುಡ್ ಸಾಹೇಬರು ತಣ್ಣಗಿರಲಿ. ನಮ್ಮನೆ ಕರೆಂಟ್ ಬಿಲ್ಲಿನಲ್ಲಿ ಅವರ ಪಾಲೂ ಇದೆ.

ಈ ಸಲ ಬಂದ ಕೈಪಿಡಿಯಲ್ಲಿ ದಬಾಯಿಸುವ ಕ್ರಿಯಾಪದಗಳೇ ಜಾಸ್ತಿ. ಮ್ಯಾನೇಜರ್ ಆದವನು ಮ್ಯಾನೇಜ್ ಮಾಡುತ್ತಾನೆ, ಕಂಟ್ರೋಲ್ ಮಾಡುತ್ತಾನೆ, ಓವರ್‌ಸೀ ಮಾಡುತ್ತಾನೆ, ಡಿಮ್ಯಾಂಡ್ ಮಾಡುತ್ತಾನೆ, ಎನ್‌ಫೋರ್ಸ್ ಮಾಡುತ್ತಾನೆ, ಬೇಕೆನಿಸಿದರೆ ಓವರ್‌ರೂಲ್ ಕೂಡ ಮಾಡುತ್ತಾನೆ. ಕೆಲಸ ಮಾತ್ರ ಯಾವ ವಾಕ್ಯದಲ್ಲೂ ಮಾಡುವುದಿಲ್ಲ.

"ಡ್ರಾಫ್ಟ್ ರೆಡಿ ಇದೆ ಮೇಡಂ, ಸುಮ್ನೆ ಒಂದ್ಸಲ ಕಣ್ಣಾಡಿಸಿ ಸಾಕು" ಅಂದರು ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್. ಕಣ್ಣಾಡಿಸುವುದಕ್ಕೆ ಅರ್ಧ ರೇಟು. ಹಾಸನದ ಕಡೆಯವರು. ಮಾತು ಬಲು ಮೆದು, ರೇಟಿನ ವಿಷಯದಲ್ಲಿ ಮಾತ್ರ ಕಲ್ಲು. ಡ್ರಾಫ್ಟ್ ಮಾಡಿದ್ದವನು ಒಬ್ಬ ಇಂಟರ್ನ್ ಹುಡುಗ. ಮಾರ್ಕ್ಸ್ ಚೆನ್ನಾಗಿ ಬರುತ್ತದೆ ಅಂತ ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದನಂತೆ. ಅವನ ಸೂತ್ರ ಸರಳ. ಇಂಗ್ಲಿಷ್ ಪದದ ಥರಾನೇ ಕಾಣುವ ಫ್ರೆಂಚ್ ಪದ ಇದ್ದರೆ ಅದೇ ಅನುವಾದ.

ಹಾಗಾಗಿ ಡಿಮ್ಯಾಂಡ್‌ಗೆ 'ದ್ಮಾಂದೇ' ಅಂತ ಹಾಕಿದ್ದ. ಇಂಗ್ಲಿಷ್‌ನ ಡಿಮ್ಯಾಂಡ್ ಮೇಜು ಕುಟ್ಟಿ ಕೇಳುವುದು. ಫ್ರೆಂಚ್‌ನ ದ್ಮಾಂದೇ ಬರೀ ಕೇಳುವುದು, ಅಷ್ಟೇ. "ವರದಿ ತಡವಾದರೆ ಮ್ಯಾನೇಜರ್ ಕಾರಣವನ್ನು ಡಿಮ್ಯಾಂಡ್ ಮಾಡತಕ್ಕದ್ದು" ಅನ್ನುವ ಗುಡುಗು "ಯಾಕಪ್ಪಾ ಲೇಟಾಯ್ತು ಅಂತ ಮ್ಯಾನೇಜರ್ ವಿಚಾರಿಸುವರು" ಅಂತಾಗಿತ್ತು. ಬಜೆಟ್ಟನ್ನು ಕಂಟ್ರೋಲ್ ಮಾಡಬೇಕಾದ ವಿಭಾಗದ ಮುಖ್ಯಸ್ಥರು ಅದನ್ನು ತಪಾಸಣೆ ಮಾಡುವ ಮಟ್ಟಕ್ಕೆ ಇಳಿದಿದ್ದರು. ಅಲ್ಲಿ 'ಕೊಂತ್ರೋಲರ್' ಅಂದರೆ ರೈಲಿನಲ್ಲಿ ಬಂದು ಟಿಕೆಟ್ ತೋರಿಸಿ ಅನ್ನುವವರು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು "ಒಳ್ಳೆಯ ನಾಯಕ ಗೌರವವನ್ನು ಕಮಾಂಡ್ ಮಾಡುತ್ತಾನೆ" ಅನ್ನುವ ಸಾಲು. ಫ್ರೆಂಚ್‌ನ 'ಕೊಮಾಂದೇ'ಗೆ ಸೈನ್ಯ ನಡೆಸುವುದು ಅಂತಲೂ ಅರ್ಥ ಇದೆ, ಹೋಟೆಲಿನಲ್ಲಿ ಆರ್ಡರ್ ಕೊಡುವುದು ಅಂತಲೂ ಇದೆ. ಮುಂದೆ ಗೌರವ ಅಂತ ಬಂದರೂ ನನ್ನ ಕಣ್ಣಿಗೆ ಕಂಡದ್ದು ಹೋಟೆಲ್ಲೇ. ಆ ಒಳ್ಳೆಯ ನಾಯಕ ಕೂತಲ್ಲೇ ಒಂದು ಪ್ಲೇಟ್ ಗೌರವ ಹೇಳಿದ್ದ. ಚಟ್ನಿ ಬೇರೆ ಕೊಡುತ್ತಾರೋ ಏನೋ.

ಹುಡುಗನನ್ನು ಬೈಯುವ ಹಾಗಿಲ್ಲ, ಮೋಸ ಪದಗಳದ್ದೇ. 1066ರಲ್ಲಿ ನಾರ್ಮಂಡಿಯ ವಿಲಿಯಂ ಕಡಲು ದಾಟಿ, ಹೇಸ್ಟಿಂಗ್ಸ್‌ನಲ್ಲಿ ಗೆದ್ದು, ಇಂಗ್ಲೆಂಡಿನ ರಾಜನಾದ. ಅವನ ಜೊತೆ ಹೋದ ದೊರೆಗಳ ಮಾತು ಫ್ರೆಂಚ್. ಮುಂದಿನ ಕೆಲವು ಶತಮಾನಗಳಲ್ಲಿ ಕಮಾಂಡ್, ಡಿಮ್ಯಾಂಡ್, ಗವರ್ನ್, ಅರೆಸ್ಟ್, ಪ್ರಿಸನ್ ಎಲ್ಲ ಇಂಗ್ಲಿಷ್‌ಗೆ ಇಳಿದವು. ಅಂದರೆ ಇವೆಲ್ಲ ಫ್ರೆಂಚ್ ಮನೆಯ ಹೆಣ್ಣುಮಕ್ಕಳು. ಇಂಗ್ಲಿಷ್ ಮನೆ ಸೇರಿದ ಮೇಲೆ ಒಬ್ಬೊಬ್ಬಳೂ ಒಂದೊಂದು ಥರ ಜೋರಾದಳು. ತವರಿನಲ್ಲಿ ಮೆಲ್ಲಗೆ ಕೇಳುತ್ತಿದ್ದ ದ್ಮಾಂದೇ ಗಂಡನ ಮನೆಯಲ್ಲಿ ಡಿಮ್ಯಾಂಡ್ ಆದಳು. ಕಂಟ್ರೋಲ್ ಹುಟ್ಟಿದ್ದೇ ಲೆಕ್ಕದ ಸುರುಳಿಯಿಂದ. ಅಸಲು ಪಟ್ಟಿಯ ಪಕ್ಕ ಇನ್ನೊಂದು ನಕಲು ಪಟ್ಟಿ ಇಟ್ಟು ತಾಳೆ ನೋಡುವುದು ಅವಳ ಕೆಲಸ. ತವರಿನಲ್ಲಿ ಈಗಲೂ ತಾಳೆಯನ್ನೇ ನೋಡುತ್ತಾಳೆ. ಗಂಡನ ಮನೆಯಲ್ಲಿ ಬೀಗದ ಕೈ ಗೊಂಚಲು ಅವಳ ಸೊಂಟದಲ್ಲಿ. ಈಗ ಅನುವಾದದ ನೆಪ ಹೇಳಿ ಇವರನ್ನು ತವರಿಗೆ ಕಳಿಸಿದರೆ, ಬಾಗಿಲು ತೆರೆದವರು "ಇದು ನಮ್ಮ ಹುಡುಗೀನಾ?" ಅಂತ ನೋಡುತ್ತಾರೆ.

ಇಂಗ್ಲೆಂಡಿನ ಕೋರ್ಟುಗಳಲ್ಲಿ ಫ್ರೆಂಚ್ ಎಷ್ಟು ಬೇರು ಬಿಟ್ಟಿತ್ತು ಅಂದರೆ, ಜನರಿಗೆ ಅರ್ಥವಾಗುತ್ತಿಲ್ಲ, ಇನ್ನು ಮೇಲೆ ವಾದ ಇಂಗ್ಲಿಷ್‌ನಲ್ಲಿ ನಡೆಯಲಿ ಅಂತ 1362ರಲ್ಲಿ ಕಾಯಿದೆ ತರಬೇಕಾಯಿತು. ಆ ಕಾಯಿದೆಯನ್ನು ಬರೆದದ್ದು ಫ್ರೆಂಚ್‌ನಲ್ಲಿ! ಕನ್ನಡ ಕಡ್ಡಾಯ ಅನ್ನುವ ಸುತ್ತೋಲೆ ಇಂಗ್ಲಿಷ್‌ನಲ್ಲಿ ಬಂದರೆ ನಾವು ನಗುತ್ತೇವಲ್ಲ, ಅವರು ಆರು ಶತಮಾನ ಮೊದಲೇ ಅದನ್ನು ಮಾಡಿ ಮುಗಿಸಿದ್ದಾರೆ. ಲಂಡನ್ನಿನ ಸಂಸತ್ತಿನಲ್ಲಿ ಮಸೂದೆಗೆ ರಾಜನ ಒಪ್ಪಿಗೆಯನ್ನು ಸಮಾರಂಭ ಮಾಡಿ ಸಾರುವಾಗ ಇವತ್ತಿಗೂ ಹಳೇ ಫ್ರೆಂಚ್‌ನಲ್ಲೇ ಹೇಳುತ್ತಾರೆ. ನಾವೇನು ಕಡಿಮೆಯಾ ಅನ್ನಿ. ಹುಕುಂ, ಜಾರಿ, ತಾಕೀತು, ದರ್ಬಾರು, ಸರ್ಕಾರ, ಹೀಗೆ ಗದರಿಸುವ ಸಾಮಾನೆಲ್ಲ ನಮಗೂ ಪಾರ್ಸಿ, ಅರಬ್ಬಿ ಕಡೆಯಿಂದಲೇ ಬಂದದ್ದು.

ಎನ್‌ಫೋರ್ಸ್ ಅನ್ನುವುದಕ್ಕೆ ನಮಗೆ ಆ 'ಜಾರಿ' ಆದರೂ ಇದೆ. ಫ್ರೆಂಚ್‌ನಲ್ಲಿ ಅದಕ್ಕೆ ಸರಿಹೊಂದುವ ಒಂಟಿ ಪದ ಸಿಗುವುದಿಲ್ಲ. ನಿಯಮಕ್ಕೆ ಜನ 'ಗೌರವ ಕೊಡುವ ಹಾಗೆ ಮಾಡುವುದು' ಅಂತ ಬಳಸಿಕೊಂಡು ಹೇಳಬೇಕು. ಇನ್ನು ಡಿಮ್ಯಾಂಡ್‌ಗೆ ಸರಿಯಾದ ಪದ 'ಎಗ್ಝಿಜೇ'. ಇದು ನಿಜಕ್ಕೂ ಖಡಕ್ ಪದ. ಆದರೆ ಇದನ್ನು ಹಾಕಿ, ಇಂಥವನು ಇಂಥದ್ದು ಮಾಡಬೇಕು ಅಂತ ವಾಕ್ಯ ಬೆಳೆಸಿದರೆ, ಮುಂದಿನ ಕ್ರಿಯಾಪದ ತನ್ನ ರೂಪ ಬದಲಿಸುತ್ತದೆ. ಇನ್ನೂ ನಡೆಯದ, ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದ ಸಂಗತಿಗಳಿಗೆ ಇರುವ ರೂಪ ಅದು. ಬಾಸ್ ಗರ್ಜಿಸಿದ್ದಾರೆ, ಇವನು ಮಾಡ್ತಾನೋ ಇಲ್ವೋ ಆಮೇಲೆ ನೋಡೋಣ ಅಂತ ವ್ಯಾಕರಣವೇ ಹೇಳುತ್ತಿದೆ. ಆಫೀಸುಗಳನ್ನು ಚೆನ್ನಾಗಿ ನೋಡಿ ಬಲ್ಲ ವ್ಯಾಕರಣ.

ಎಲ್ಲ ತಿದ್ದಿ ಕಳಿಸಿದ ಮಾರನೇ ದಿನವೇ ಹಾಸನದವರ ಫೋನು. ಅವರಿಗೆ ಫ್ರೆಂಚ್ ಬರುವುದಿಲ್ಲ. ಆದರೆ ಮೊಬೈಲಿನಲ್ಲಿ ನಿಘಂಟಿನ ಆ್ಯಪ್ ಇದೆ.

"ಮೇಡಂ, ಮ್ಯಾನೇಜರ್ ತನ್ನ ಟೀಮನ್ನ ಅದೇನೋ 'ಆಂಕಾದ್ರೇ' ಮಾಡ್ತಾನೆ ಅಂತ ಬರ್ದಿದೀರ."

"ಹೌದು ಸರ್. ಮುಂದೆ ನಿಂತು ನೋಡಿಕೊಳ್ಳೋದು, ತಿದ್ದೋದು, ನಡೆಸೋದು."

"ಇಲ್ಲಿ ಫ್ರೇಮ್ ಹಾಕಿಸೋದು ಅಂತ ಬರ್ತಿದೆ."

ಅದೂ ಸರಿಯೇ. 'ಕಾದ್ರ್' ಅಂದರೆ ಚೌಕಟ್ಟು. ಪಟಕ್ಕೆ ಚೌಕಟ್ಟು ಹಾಕಿಸುವುದಕ್ಕೂ ನೌಕರರನ್ನು ನೋಡಿಕೊಳ್ಳುವುದಕ್ಕೂ ಅಲ್ಲಿ ಒಂದೇ ಕ್ರಿಯಾಪದ. ಇದನ್ನೆಲ್ಲ ವಿವರಿಸಿದೆ. ಅವರು ತುಸು ಹೊತ್ತು ಯೋಚಿಸಿ, "ಆದ್ರೂ ಮೇಡಂ, ಫ್ರೇಮ್ ಹಾಕಿಸಿದ ಮೇಲೆ ಹಾರಾನೂ ಹಾಕ್ಬೇಕಾಗುತ್ತೆ. ಒಳ್ಳೇದಲ್ಲ" ಅಂದರು. ಒಬ್ಬರನ್ನು ಕಂಡರಾಗದಿದ್ದರೆ ಫ್ರೆಂಚರು "ಅವನಿಗೆ ಫ್ರೇಮ್ ಹಾಕೋಕೆ ನನ್ನ ಕೈಲಾಗಲ್ಲ" ಅಂತ ಇದೇ ಕ್ರಿಯಾಪದದಲ್ಲಿ ಹೇಳುತ್ತಾರೆ ಅನ್ನುವುದನ್ನು ನಾನು ಬಾಯಿ ಬಿಡಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಡೈರೆಕ್ಟರ್ ಮೂರು ವಿಭಾಗಗಳನ್ನು ಓವರ್‌ಸೀ ಮಾಡುತ್ತಾರೆ ಅನ್ನುವಲ್ಲಿ ನಾನು 'ಶಾಪೋತೇ' ಅಂತ ಬರೆದಿದ್ದೆ. ಚೆಂದದ ಪದ. ಶಾಪೋ ಅಂದರೆ ಟೋಪಿ. ಹಲವು ವಿಭಾಗಗಳ ಮೇಲೆ ಟೋಪಿಯಾಗಿ ಕೂರುವುದು, ಅಂದರೆ ಎಲ್ಲಕ್ಕೂ ಮೇಲಿನಿಂದ ಹೊಣೆ ಹೊರುವುದು. ಆ ಕಡೆ ಆ್ಯಪ್ ಒತ್ತಿದ ಸದ್ದು. ಆಮೇಲೆ ಮೌನ. ಆಮೇಲೆ ಕೂಗು.

"ಅಯ್ಯೋ ಮೇಡಂ! ಡೈರೆಕ್ಟರ್ ಮೂರು ವಿಭಾಗಗಳಿಗೆ ಟೋಪಿ ಹಾಕ್ತಾರೆ ಅಂತ ನಾವೇ ಬರ್ದು ಕೊಟ್ಟಂಗಾಯ್ತಲ್ಲ!"

ಫ್ರಾನ್ಸಿನಲ್ಲಿ ಟೋಪಿ ಹಾಕುವುದಕ್ಕೆ ಮೋಸ ಅನ್ನುವ ಅರ್ಥ ಇಲ್ಲ ಸರ್ ಅಂದೆ. "ಡೈರೆಕ್ಟರ್ ಮಂಡ್ಯದವರು ಮೇಡಂ" ಅಂದರು. ಅದಕ್ಕೆ ಉತ್ತರ ಯಾವ ನಿಘಂಟಿನಲ್ಲೂ ಇಲ್ಲ. ಟೋಪಿ ತೆಗೆದೆವು.

ಕೊನೆಗೆ ತುಂಬಾ ಸಂಕೋಚದಿಂದ ತಮ್ಮದೇ ವಿಷಯಕ್ಕೆ ಬಂದರು. ಪ್ರಾಜೆಕ್ಟ್ ಮ್ಯಾನೇಜರ್ ಅನ್ನುವುದು 'ಶೆಫ್ ದ ಪ್ರೋಜೇ' ಆಗಿತ್ತು. "ಇಂಜಿನಿಯರಿಂಗ್ ಓದಿದೀನಿ ಮೇಡಂ. ಶೆಫ್ ಅಂದ್ರೆ ನಮ್ಮೂರಲ್ಲಿ ಅಡುಗೆ ಭಟ್ಟರು ಅನ್ಕೋತಾರೆ." ಶೆಫ್ ಅಂದರೆ ಮುಖ್ಯಸ್ಥ, ಅಡುಗೆಯ ಶೆಫ್ ಕೂಡ ಅಸಲಿಗೆ ಅಡುಗೆಮನೆಯ ಮುಖ್ಯಸ್ಥ, ಫ್ರಾನ್ಸಿನ ಅಧ್ಯಕ್ಷರೂ ಒಬ್ಬ ಶೆಫ್ಫೇ ಅಂದೆ. ಅಧ್ಯಕ್ಷರ ಹೆಸರು ಬಂದ ಮೇಲೆ ಸಮಾಧಾನವಾಯಿತು. ಆ ಒಂದು ಪದಕ್ಕೆ ಮಾತ್ರ ಅವರು ಇವತ್ತಿನವರೆಗೂ ಆಕ್ಷೇಪ ತೆಗೆದಿಲ್ಲ. ಮೇಲ್ ಕೆಳಗಿನ ಸಹಿಯಲ್ಲೂ ಸೇರಿಸಿಕೊಂಡಿದ್ದಾರೆ.

ಕೈಪಿಡಿಯ ಕೊನೆಯ ಅಧ್ಯಾಯ ದಬ್ಬಾಳಿಕೆ ಮಾಡಬಾರದು ಅನ್ನುವುದರ ಬಗ್ಗೆ. ಯಾರೂ ಯಾರನ್ನೂ 'ಬಾಸ್ ಅರೌಂಡ್' ಮಾಡಬಾರದು, ಯಾರ ಮೇಲೂ 'ಲಾರ್ಡ್ ಇಟ್ ಓವರ್' ಮಾಡಬಾರದು. ಬಾಸ್ ಅನ್ನುವುದು ಡಚ್ಚರ ಪದ. ಲಾರ್ಡ್ ಅನ್ನುವುದು ಅಪ್ಪಟ ಹಳೇ ಇಂಗ್ಲಿಷ್, ಅದರ ಮೂಲ ಅರ್ಥ ಬ್ರೆಡ್ ಕಾಯುವವನು. ಲೇಡಿ ಅಂದರೆ ಹಿಟ್ಟು ನಾದುವವಳು. ಒಬ್ಬಳು ನಾದಬೇಕು, ಇನ್ನೊಬ್ಬ ಕಾಯುತ್ತಾ ಕೂತು ದೊರೆಯಾಗಬೇಕು. ಎಂಥಾ ವ್ಯವಸ್ಥೆ! ಫ್ರೆಂಚ್‌ನಲ್ಲಿ ಬಾಸ್ ಅರೌಂಡ್‌ಗೆ ಹತ್ತಿರದ ಮಾತು 'ಬಾಗೆತ್ ಹಿಡಿದು ನಡೆಸುವುದು'. ಬಾಗೆತ್ ಅಂದರೆ ಕೋಲು. ಆ ಉದ್ದನೆಯ ಬ್ರೆಡ್ಡಿಗೂ ಕೋಲಿನ ಆಕಾರದಿಂದಲೇ ಆ ಹೆಸರು. ಮುಂಜಾಗ್ರತೆಗೆ ನಾನೇ ಫೋನ್ ಮಾಡಿ "ಸರ್, ಇದು ಬ್ರೆಡ್ ಅಲ್ಲ" ಅಂತ ಹೇಳಿದೆ.

ಇದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ನಮ್ಮತ್ತೆ, "ಅದಕ್ಕೆ ಕೋಲು ಯಾಕೆ, ಮೂಗುದಾರ ಹಾಕಿದ್ರೆ ಸಾಕು" ಅಂದರು. ಎದ್ದು ಕೂತೆ. ಫ್ರೆಂಚ್‌ನಲ್ಲೂ ಆ ಮಾತು ಇದೆ, ಮೂಗಿನ ತುದಿ ಹಿಡಿದು ನಡೆಸುವುದು ಅಂತ! ಅತ್ತೆಗೆ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. "ಅಲ್ಲೂ ಮನೆಗಳಿರುತ್ತಲ್ಲ" ಅಂದು, "ಹಾಲು ಉಕ್ಕುತ್ತೇನೋ" ಅಂತ ಗಾಳಿಗೆ ಹೇಳಿ ಟಿವಿ ಮುಂದೆ ಹೋಗಿ ಕೂತರು. ನಾನೂ ನನ್ನ ಗಂಡನೂ ಒಟ್ಟಿಗೆ ಒಲೆಯ ಕಡೆ ಓಡಿದೆವು. ಆ ವಾಕ್ಯದಲ್ಲಿ ಆಜ್ಞೆಯೇ ಇರಲಿಲ್ಲ ನೋಡಿ. ಅದನ್ನು ಫ್ರೆಂಚ್‌ಗೆ ಮಾಡಿ ಅಂದರೆ ಪೂರ್ತಿ ರೇಟು ಕೇಳುತ್ತೇನೆ.

ಅಂತೂ ಫೈಲು ಪ್ಯಾರಿಸ್ಸಿಗೆ ಹೋಯಿತು. ಅಲ್ಲಿನ ಎಚ್‌ಆರ್ ವಿಭಾಗದ ಹೆಂಗಸು ಬಹಳ ಸೌಜನ್ಯದ ಪತ್ರ ಬರೆದರು. ಅನುವಾದ ಸೊಗಸಾಗಿದೆ, ಒಂದೇ ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೇವೆ. 'ಆಂಕಾದ್ರೇ' ಅಂತ ಬಂದ ಕಡೆಯೆಲ್ಲ 'ಮಾನಾಜೇ' ಅಂತ ಹಾಕಿದ್ದೇವೆ, ನಮ್ಮ ಆಫೀಸಿನಲ್ಲಿ ಎಲ್ಲರೂ ಹಾಗೇ ಹೇಳುವುದು. ಮಾನಾಜೇ ಅಂದರೆ ಇನ್ನೇನಲ್ಲ, ಇಂಗ್ಲಿಷ್‌ನ ಮ್ಯಾನೇಜ್‌ಗೆ ಫ್ರೆಂಚ್ ಬಾಲ ಅಂಟಿಸಿದ್ದು. ಆ ಮ್ಯಾನೇಜಾದರೂ ಇಂಗ್ಲಿಷರದ್ದಾ? ಇಟಲಿಯವರು ಕುದುರೆ ಪಳಗಿಸುವುದಕ್ಕೆ ಹೇಳುತ್ತಿದ್ದ ಪದ. ಅದೇ ಪದದಿಂದ ಫ್ರೆಂಚರಿಗೆ ಮೊದಲೇ ಸಿಕ್ಕಿದ್ದು 'ಮಾನೇಜ್'. ಅದು ಕುದುರೆ ಸವಾರಿ ಶಾಲೆ, ಜಾತ್ರೆಯಲ್ಲಿ ಮಕ್ಕಳು ಕೂರುವ ತಿರುಗುವ ಕುದುರೆಯೂ ಹೌದು. ಮಿಸ್ಟರ್ ಆಲ್‌ಗುಡ್ ಅವರ ಕಾಯಿದೆ, ನನ್ನ ಫ್ರೇಮು, ಹಾಸನದವರ ಹಾರ ಎಲ್ಲ ಆ ಕುದುರೆಯ ಮೇಲೆ ಒಂದು ಸುತ್ತು ಹಾಕಿ ಇಳಿದವು.

"ನಾನು ಹೇಳ್ಲಿಲ್ವಾ ಮೇಡಂ, ಫ್ರೇಮ್ ಬೇಡ ಅಂತ" ಅಂದರು ಹಾಸನದವರು. ಖುಷಿಯಲ್ಲಿದ್ದಾರಲ್ಲ, ಇದೇ ಸಮಯ ಅಂತ ನನ್ನ ಬಿಲ್ಲಿನ ಸುದ್ದಿ ಎತ್ತಿದೆ.

"ಪೇಮೆಂಟ್ ನನ್ನ ಕೈಲಿಲ್ಲ ಮೇಡಂ. ಅದೆಲ್ಲ ಅಕೌಂಟ್ಸ್‌ನೋರ ಕಂಟ್ರೋಲು."

ಫ್ರೆಂಚ್ ಅರ್ಥದಲ್ಲಿ ತೆಗೆದುಕೊಂಡರೆ ಅದು ಪೂರ್ತಿ ನಿಜ. ಇವತ್ತಿಗೂ ತಾಳೆ ನೋಡುತ್ತಲೇ ಇದ್ದಾರೆ.