ಸತ್ಯಾಂಶ: ಲೇಸರ್ ಇಂಟರ್ನೆಟ್‌ಗೆ ಮಳೆಗಿಂತ ಮಂಜಿನ ಕಾಟ ಜಾಸ್ತಿ

"ಗಾಳಿಲಿ ಲೇಸರ್ ಬಿಟ್ಟು ಡೇಟಾ ಕಳ್ಸೋದೆಲ್ಲ ಬುರುಡೆ, ಒಂದು ಮಳೆ ಬಂದ್ರೆ ಪೂರ್ತಿ ಬಂದ್" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಇದು ತಪ್ಪು, ದಯವಿಟ್ಟು ಮುಂದಕ್ಕೆ ಕಳಿಸ್ಬೇಡಿ.

ಮಳೆ ಹನಿ ಒಂದೆರಡು ಮಿಲಿಮೀಟರ್ ಇರುತ್ತೆ, ಹನಿಗಳ ಮಧ್ಯೆ ಬೇಕಾದಷ್ಟು ಜಾಗ ಇರೋದ್ರಿಂದ ಬೆಳಕು ಸ್ವಲ್ಪ ಕಮ್ಮಿ ಆದ್ರೂ ನುಸುಳ್ಕೊಂಡು ಹೋಗುತ್ತೆ. ಮಂಜಿನ ಹನಿ ಹಾಗಲ್ಲ, ಕೆಲವೇ ಮೈಕ್ರೋಮೀಟರ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ), ಲೆಕ್ಕ ಇಲ್ಲದಷ್ಟು ತುಂಬ್ಕೊಂಡಿರುತ್ತೆ, ಗಾತ್ರಾನೂ ಲೇಸರ್ ತರಂಗದ ಉದ್ದಕ್ಕೆ (ಸುಮಾರು 1.5 ಮೈಕ್ರೋಮೀಟರ್) ಹತ್ರ ಹತ್ರ ಇರೋದ್ರಿಂದ ಬೆಳಕೆಲ್ಲ ದಿಕ್ಕಾಪಾಲಾಗಿ ಚದುರಿ ಹೋಗುತ್ತೆ. ಜೋರು ಮಳೆಲೂ ಎದುರಿನ ಗಾಡಿ ಲೈಟ್ ಕಾಣುತ್ತಲ್ವಾ, ದಟ್ಟ ಮಂಜಲ್ಲಿ ಹತ್ರ ಬರೋವರೆಗೂ ಕಾಣಲ್ಲ, ಅದೇ ಕಥೆ.

ಇದಕ್ಕೆ ದಾರಿ ಇದೆ. ಜೊತೆಗೊಂದು ರೇಡಿಯೋ ಲಿಂಕ್ ಇಡ್ತಾರೆ, ಮಿಲಿಮೀಟರ್ ತರಂಗದ ರೇಡಿಯೋ ಮಳೆಗೆ ಸೊರಗುತ್ತೆ ಆದ್ರೆ ಮಂಜಿಗೆ ಅಷ್ಟಾಗಿ ಜಗ್ಗಲ್ಲ, ಹಾಗಾಗಿ ಒಂದು ಕೈಕೊಟ್ಟಾಗ ಇನ್ನೊಂದು ಹಿಡ್ಕೊಳ್ಳುತ್ತೆ (ನಂಗೆ ತುಂಬಾ ಇಷ್ಟವಾದ ಉಪಾಯ ಇದೇ). ಬಿಸಿಗಾಳಿಗೆ ಬೆಳಕು ಅಲುಗಾಡೋ ತೊಂದರೆಗೆ ದೊಡ್ಡ ಲೆನ್ಸ್, ಕಿರಣನ ಗುರಿ ತಪ್ಪದ ಹಾಗೆ ತಿರುಗೋ ಕನ್ನಡಿ ಇಡ್ತಾರೆ.

2021ರಲ್ಲಿ 'ತಾರಾ' ಪ್ರಾಜೆಕ್ಟ್‌ನವರು (ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಲೇಸರ್ ಇಂಟರ್ನೆಟ್ ಪ್ರಾಜೆಕ್ಟ್) ಆಫ್ರಿಕಾದ ಕಾಂಗೋ ನದಿ ಆಚೀಚೆ ಇರೋ ಬ್ರಾಝಾವಿಲ್, ಕಿನ್ಶಾಸಾ ಊರುಗಳ ಮಧ್ಯೆ ಹತ್ತತ್ರ 5 ಕಿಲೋಮೀಟರ್ ದೂರಕ್ಕೆ ಹೀಗೇ ಬೆಳಕಲ್ಲಿ ಡೇಟಾ ಕಳಿಸಿ, 20 ದಿನದಲ್ಲಿ ಸುಮಾರು 700 ಟೆರಾಬೈಟ್ ದಾಟಿಸಿದ್ರು.